ಗಾಳಿಗೆ ಮೊದಲು

ಪುಂತಾ ಅರೇನಾಸ್. ಲಾರಿಯಿಂದ ಇಳಿದ ತಗಡು
ಇನ್ನೂ ಯಾರ ಮನೆಯೂ ಅಲ್ಲ.

ಅಂಗಾತ ಹಿಡಿಯಬೇಡ, ಎನ್ನುತ್ತಾಳೆ ನೆಲಿದಾ,
ಅಂಗಾತ ಹಿಡಿದರೆ ನಡು ಬಳುಕುತ್ತದೆ,
ಗಾಳಿ ನಿನ್ನನ್ನೂ ಸೇರಿಸಿ ಒಯ್ಯುತ್ತದೆ ಜಲಸಂಧಿಗೆ.
ಅಂಚಿನ ಮೇಲೆ ನಿಲ್ಲಿಸಿ ಹಿಡಿ. ಕೈಗವಸೆಲ್ಲಿ?

ಅವಳ ಎಡಗೈಯಲ್ಲಿ ಹೆಬ್ಬೆರಳಿಂದ ಮಣಿಕಟ್ಟಿಗೆ
ಒಂದು ಬಿಳಿ ಗೆರೆ.
ಅದರ ಬಗ್ಗೆ ಕೇಳಲಿಲ್ಲ. ಹಾಕಿಕೊಂಡೆ.

ಮರದ ತುಂಡುಗಳ ಮೇಲೆ ಪೇರಿಸಿದೆವು,
ಒಂದು ತುದಿ ನಾಲ್ಕು ಬೆರಳು ಎತ್ತರ:
ಸಂದಿಯಲ್ಲಿ ನೀರು ಕೂತರೆ ಹೊಸ ತಗಡೂ
ಬೂದಿ ಬಳಿದುಕೊಳ್ಳುತ್ತದೆ, ಸೂರಾಗುವ ಮೊದಲೇ.

ಹಗ್ಗ ಬಿಗಿದು, ಮೇಲೆ ಹಳೆ ಟೈರು ಹೇರಿ
ಒಳಗೆ ಹೋದೆವು.
ರಾತ್ರಿಯಿಡೀ ಅದು ಹಲ್ಲು ಕಡಿಯುತ್ತಿತ್ತು.
ನೆಲಿದಾ ಎರಡು ಸಲ ಎದ್ದಳು,
ಬರಿಗೈಯಲ್ಲೇ
ಗಂಟು ಮುಟ್ಟಿ ಬಂದಳು.