ಗಗನಧೀರನ ಮೇಲೆ ವಾಲ್ವ್‌ಮನ್ನಿನ ತಕರಾರು

ನಲವತ್ತೆಂಟನೇ ಪುಟ ತೆಗೀರಿ.
ಗಗನಧೀರ ರಾಕ್ಷಸನ ಕಾಲು ಹಿಡಿದು ಬೀಸ್ತಾನೆ,
ರಸ್ತೆ ಹಪ್ಪಳದ ಹಾಗೆ ಮುರಿದು
ಒಳಗಿಂದ ನೀರು ಮೂರು ಮಹಡಿ ಎತ್ತರ ಚಿಮ್ಮತ್ತೆ.
ಬರೆದವನ ಕೈ ಚೆನ್ನಾಗಿದೆ, ಇಲ್ಲ ಅನ್ನಲಾರೆ,
ಒಂದೊಂದು ಹನಿಗೂ ಬೇರೆ ಬೇರೆ ನೀಲಿ.
ನನಗೆ ಮಾತ್ರ ಕಾಣೋದು
ಹಳೇ ಕಾಲದ ಬೀಡು ಕಬ್ಬಿಣದ ಪೈಪು.
ಅದರ ಜಾಯಿಂಟಿಗೆ ಸೀಸ ಹುಯ್ಯೋಕೆ ಬರೋರು
ನಮ್ಮ ಮತ್ತಿಕೆರೆ ಕಡೆ ಇಬ್ಬರೇ ಉಳಿದಿದ್ದಾರೆ,
ಒಬ್ಬನಿಗೆ ಕಣ್ಣಲ್ಲಿ ಪೊರೆ.

ಪುಟ ತಿರುವಿದರೆ ಊರೆಲ್ಲ ಚಪ್ಪಾಳೆ.
ಒಬ್ಬರ ಕೈಲೂ ಕೊಡ ಇಲ್ಲ.
ಪೈಪು ಒಡೆದ ಊರಲ್ಲಿ, ಸ್ವಾಮಿ,
ಚಪ್ಪಾಳೆಗೆ ಕೈ ಎಲ್ಲಿ ಖಾಲಿ ಇರತ್ತೆ?

ಹಾರೋದು ಬೇಡ ಅಂತ ನಾನು ಹೇಳ್ತಿಲ್ಲ.
ಹಾರಲಿ.
ಬೆಳಗಿನ ಜಾವ ನಾಲ್ಕಕ್ಕೆ ವಾಲ್ವ್ ತಿರುಗಿಸಿದರೆ
ಮತ್ತೆ ಮುಚ್ಚೋವರೆಗೆ ಎರಡೂವರೆ ಗಂಟೆ.
ಬೀದಿದೀಪದ ಕೆಳಗೆ ಕೂತು
ಇಪ್ಪತ್ತಾರು ವರ್ಷ ಇವರ ಕಥೆ ಓದಿದ್ದೀನಿ.
ಅವೆನ್ಯೂ ರೋಡಿನ ಖಲಂದರ್ ಇಪ್ಪತ್ತಕ್ಕೆ ಕೊಡ್ತಾನೆ,
ವಾಪಸ್ ಕೊಟ್ಟರೆ ಹತ್ತು.
"ಮೀಸೆ ನರೆತು ಹೋಯ್ತು ಮುನಿಯಲ್ಲಪ್ಪ,
ಇನ್ನೂ ಹಾರೋರ ಕಥೇನಾ?"

ಹನ್ನೆರಡನೇ ಸಂಚಿಕೆ ನನಗಿಷ್ಟ.
ಅದರಲ್ಲಿ ಅವನಿಗೆ ಜ್ವರ,
ರಗ್ಗು ಹೊದ್ದು ಮಲಗಿರ್ತಾನೆ, ಗಂಜಿ ಕುಡೀತಾನೆ.
ಉಳಿದ ದಿನ ಖಳ ಬರದಿದ್ದರೆ ಅವನಿಗೆ ಕೆಲಸವೇ ಇಲ್ಲ,
ಗೋಪುರದ ತುದೀಲಿ ಸುಮ್ಮನೆ ನಿಂತಿರ್ತಾನೆ.
ನಮಗೆ ಖಳ ಯಾಕೆ?
ಮಂಗಳವಾರ ಬಂದರೆ ಸಾಕು.

ಹೋದ ತಿಂಗಳು ಖಲಂದರ್
ಪಿನ್ ಹೊಡೆದ ಕಪ್ಪುಬಿಳುಪಿನ ಪುಸ್ತಕ ತೆಗೆದ.
'ನಲ್ಲಿ ನಂಬರ್ ಏಳು', ಚಿತ್ರ ನಾಗವೇಣಿ.
"ರಾಜಕೀಯ, ಹುಷಾರು" ಅಂದು
ಐದು ರೂಪಾಯಿ ಜಾಸ್ತಿ ಇಸಕೊಂಡ.

ಮಾತು ಹೆಚ್ಚಾಯ್ತು, ಅದು ಮೊದಲ ತಕರಾರು.
ಸಾಲಲ್ಲಿ ನಿಂತ ಹೆಂಗಸು
ಅಷ್ಟುದ್ದ ಭಾಷಣ ಬಿಗಿಯಲ್ಲ,
"ಮುಂದೆ ಹೋಗಮ್ಮ" ಅಂತಾಳೆ, ಅಷ್ಟೆ.
ಆದರೆ ಕೊಡಗಳು!
ಒಂದೊಂದರ ಮೇಲೂ ಬಣ್ಣದಲ್ಲಿ ಬರೆದ ಮನೆ ನಂಬರು,
ಒಂದಕ್ಕೆ ತಳದಲ್ಲಿ ಎಂಸೀಲ್ ತೇಪೆ.
ಈ ಹುಡುಗಿ ಸಾಲಲ್ಲಿ ನಿಂತವಳೇ.

ಆಮೇಲೆ ಕಾರ್ಪೊರೇಟರ್. ಅವನನ್ನ ಹಂದಿ ಮಾಡಿದ್ದಾಳೆ,
ಶಾಲು ಹೊದಿಸಿದ ಹಂದಿ. ನಾನೂ ನಕ್ಕೆ.
ನಕ್ಕಮೇಲೆ ಯಾಕೋ ಸರಿಬರಲಿಲ್ಲ.
ಕಾರ್ಪೊರೇಟರನ್ನ ನಾನು ಕಂಡಿದ್ದೀನಿ.
ತೆಳ್ಳಗೆ, ಇಸ್ತ್ರಿ ಕೆಡದ ಮನುಷ್ಯ.
"ಊಟ ಆಯ್ತಾ ಮುನಿಯಲ್ಲಪ್ಪ" ಅಂತ ಕೇಳಿ,
ಹೆಗಲ ಮೇಲೆ ಕೈ ಇಟ್ಟು, ಮೆಲ್ಲಗೆ,
"ಆ ಅಪಾರ್ಟ್‌ಮೆಂಟ್ ಕಡೆ ಹತ್ತು ನಿಮಿಷ ಜಾಸ್ತಿ ಬಿಡು."
ಹಂದಿ ಬರೆಯೋದು ಸುಲಭ ಕಣಮ್ಮ,
ಹತ್ತು ನಿಮಿಷ ಹೇಗೆ ಬರೀತೀಯ?

ಬಿಟ್ಟಿದ್ದೀನಿ.
ಒಂದು ಸಲ ಅಲ್ಲ.

ಕೊನೇ ಪುಟದಲ್ಲಿ ನಾನೇ ಇದ್ದೀನಿ.
ಬೆನ್ನು ಮಾತ್ರ. ಕತ್ತಲಲ್ಲಿ ಬಗ್ಗಿರೋ ಬೆನ್ನು,
ಸುತ್ತ ಗುಳ್ಳೆಗಳಲ್ಲಿ "ಕಳ್ಳ, ಕಳ್ಳ".
ಕೈಯಲ್ಲಿ ಸ್ಪ್ಯಾನರ್ ಕೊಟ್ಟಿದ್ದಾಳೆ,
ಸೈಕಲ್ ಶಾಪಿನವರ ಹಾಗೆ.
ತಾಯಿ, ವಾಲ್ವ್ ಕೀಲಿ ಹಾಗಿರಲ್ಲ.
ಟಿ ಆಕಾರದ ಕಬ್ಬಿಣ, ನನ್ನ ಎದೆಯುದ್ದ,
ಚಳಿಗಾಲದಲ್ಲಿ ಅಂಗೈ ಕಚ್ಚತ್ತೆ.

ಜೇಬಿಂದ ಬಾಲ್‌ಪೆನ್ ತೆಗೆದು
ಸ್ಪ್ಯಾನರಿನ ಮೇಲೇ ಗೀಚಿ ಉದ್ದ ಮಾಡಿದೆ,
ಅಡ್ಡ ಒಂದು ಹಿಡಿ ಹಾಕಿದೆ. ಈಗ ಸರಿ.
"ಕಳ್ಳ" ಅನ್ನೋದನ್ನ ಹೊಡೆದು ಹಾಕಲಾ ಅಂತ ಯೋಚಿಸಿದೆ,
ಬಿಟ್ಟೆ.
ಪಕ್ಕದ ಖಾಲಿ ಜಾಗದಲ್ಲಿ ಮುಖ ಬರೆಯೋಣ ಅಂತ
ಎರಡು ಚುಕ್ಕಿ ಇಟ್ಟೆ, ಕಣ್ಣಿಗೆ.
ಅಷ್ಟರಲ್ಲಿ ಆರೂವರೆ. ಮುಚ್ಚೋ ಹೊತ್ತು.

ಶನಿವಾರ ಖಲಂದರ್ ಪುಟ ತಿರುವಿ ನೋಡಿದ:
"ಗೀಚಿದ್ದೀಯ. ಎಂಟೇ ರೂಪಾಯಿ."