ಮಾದರಿ ಹದಿನೇಳು

ಪೇಪರಿನಲ್ಲಿ ಸುತ್ತಿ ಬಾಳೆನಾರಿನಲ್ಲಿ ಬಿಗಿದು ತಂದಿದ್ದಳು ಕೊರಪೊಳು,
ಮುಡಿಪು ಬಸ್ಸಿನಲ್ಲಿ, ಮಡಿಲಲ್ಲಿಟ್ಟುಕೊಂಡು.
"ಈಶ್ವರ ಬೇರು. ಕಬ್ಬಿಣ ತಾಗಿಸಬೇಡಿ ಮೇಡಂ,
ಕೋಪ ಬರ್ತದೆ ಅದಕ್ಕೆ."

ನಾನು ಸ್ಟೀಲಿನ ಚೂರಿಯಲ್ಲೇ ಕೊಚ್ಚಿದೆ.
ಮಿಕ್ಸಿಯಲ್ಲಿ ಹುಡಿ ಮಾಡಿದೆ.
ಕರ್ಪೂರಕ್ಕೆ ಶುಂಠಿ ಬೆರೆತಂಥ ವಾಸನೆ
ದೇರಳಕಟ್ಟೆಯ ಮೂರನೇ ಮಾಳಿಗೆ ತುಂಬ;
ಹೊರಗೆ ನರ್ಸಿಂಗ್ ಹುಡುಗಿಯರ ನಗೆ, ಮೀನಿನ ಟೆಂಪೋದ ಹಾರನ್ನು.

ಗಾಜಿನ ಗಂಟಲಲ್ಲಿ ಮೆಥನಾಲು ಹನಿಹನಿ ಇಳಿದು,
ತುಂಬಿ, ಗುಳಕ್ಕೆಂದು ತನ್ನನ್ನೇ ನುಂಗಿ,
ಮತ್ತೆ ಆವಿಯಾಗಿ ಮೇಲೇರಿ...
ಹದಿನೆಂಟು ಸಲ ಎಣಿಸಿದೆ.
ಬೇರು ಬಿಳಿಚಿತು. ಬುಡದ ಕುಪ್ಪಿಯಲ್ಲಿ
ಕಡು ಚಹಾದ ಬಣ್ಣ: ಮಣ್ಣಿನೊಳಗೆ ಇಷ್ಟು ದಿನ
ಬಾಯಿ ಮುಚ್ಚಿ ಕೂತದ್ದು.

ಸಿಲಿಕಾ ತಟ್ಟೆಯ ಅಡಿಗೀಟಿನ ಮೇಲೆ ಒಂದು ಚುಕ್ಕೆ.
ಪಕ್ಕದಲ್ಲಿ, ಹೈದರಾಬಾದಿನಿಂದ ತರಿಸಿದ ಶುದ್ಧ ಸಾಕ್ಷಿ,
ಐದು ಮಿಲಿಗ್ರಾಮಿಗೆ ನನ್ನ ಒಂದು ತಿಂಗಳ ಸಂಬಳ.
ದ್ರಾವಣ ಏರಿತು ಮುಡಿಪು ಬಸ್ಸಿನ ಹಾಗೆ,
ಒಬ್ಬೊಬ್ಬರನ್ನು ಒಂದೊಂದು ಸ್ಟಾಪಿನಲ್ಲಿ ಇಳಿಸುತ್ತ.

ತವರದ ಕ್ಲೋರೈಡು ಸಿಂಪಡಿಸಿ, ಓವನಿನಲ್ಲಿ ಬಿಸಿ ಮಾಡಿ,
ದೀಪ ಆರಿಸಿ, ಕಾಣದ ಬೆಳಕಿಗೆ ಹಿಡಿದೆ.

ಎರಡು ನೀಲಿ ಕಣ್ಣು.
ಒಂದು ಸಾಕ್ಷಿಯದು. ಒಂದು ಅವಳ ಬೇರಿನದು.
ಒಂದೇ ಎತ್ತರ.

ಅಳೆದೆ. ಇನ್ನೊಂದು ತಟ್ಟೆ ಓಡಿಸಿದೆ. ಅದೇ.
ಅರಿಸ್ಟೊಲೋಕಿಕ್ ಆಮ್ಲ. ಮೂತ್ರಪಿಂಡದ
ಸಣ್ಣಸಣ್ಣ ನಾಳಗಳನ್ನು ಸದ್ದಿಲ್ಲದೆ ಒಣಗಿಸುವಂಥದು.

ಗಂಟುನೋವಿಗೆಂದು ತಮ್ಮ ತನಿಯನಿಗೆ
ಎರಡು ಮಳೆಗಾಲ ತೇದು ಕುಡಿಸಿದ್ದಳಂತೆ.
ಎಷ್ಟು ದಿನ ಕೊಡಬೇಕೆಂದು ಅಜ್ಜಿ ಹೇಳಿದ್ದು
ಅದೊಂದು ನೆನಪಿಲ್ಲವಂತೆ.
ಈಗ ಅವನಿಗೆ ವಾರಕ್ಕೆರಡು ಡಯಾಲಿಸಿಸ್, ಇದೇ ಕಟ್ಟಡದ ಕೆಳಗೆ.
"ಅಲ್ಲಿ ರಕ್ತ ತೊಳೆಯುವಷ್ಟು ಹೊತ್ತು ನಾನು ಇಲ್ಲಿ ಕೂತ್ಕೊಳ್ತೇನೆ."
ಹಾಗೆಯೇ ನಮಗೆ ಪರಿಚಯ.

ವರದಿ ಬರೆಯುವುದು ಸುಲಭ. ಗೀಟು, ಎತ್ತರ, ಶೇಕಡಾ.

ಬೆಂಚಿನಿಂದ ಎದ್ದು ಬಂದಳು,
ಸೆರಗಿಗೆ ಕೈ ಒರಸಿಕೊಳ್ಳುತ್ತ.
"ಅದರಲ್ಲಿ ಎಂತಾದರೂ ಉಂಟಾ ಮೇಡಂ?"

"ಉಂಟು," ಎಂದೆ.

ಎಂಥ ಅರಳುವಿಕೆ ಆ ಮುಖದಲ್ಲಿ!
"ನಾನು ಹೇಳ್ಲಿಲ್ವಾ, ನನ್ನ ಬೇರಿನಲ್ಲಿ ಉಂಟು ಅಂತ?
ಹಾಗಾದ್ರೆ ಇವತ್ತಿನಿಂದ ಪುನಃ ಕೊಡ್ಲಿಕ್ಕೆ ಸುರು ಮಾಡ್ತೇನೆ."
ಚೀಲದಲ್ಲಿ ಇನ್ನೊಂದು ಕಟ್ಟು.
ಸುತ್ತಿದ ಬಾಳೆನಾರು ಇನ್ನೂ ಹಸಿ.

ಕೊರಪೊಳಕ್ಕ, ಎಂದೆ,
ಸ್ವಲ್ಪ ಕೂತ್ಕೊಳ್ಳಿ.