ಹುಟ್ಟು

ಸೇತುವಿ ಆದ ಮ್ಯಾಲ ದೋಣಿ ಒಲಿಗೆ ಹೋತು,
ಹುಟ್ಟು ಉಳೀತು.
ಮಾಂವ ಅದನ್ನ ಗ್ವಾಡಿಗೆ ಆನಿಸಿ ಇಟ್ಟಾನ,
ದಿನಾ ಒಮ್ಮೆ ಸವರತಾನ,
ಯಾಕಂತ ನಾವ್ಯಾರೂ ಕೇಳಂಗಿಲ್ಲ.

ಗಲಗಲಿಗೆ ಎರಡ ಮೈಲಿ ಈಚೆ, ಹೊಳಿ ದಂಡಿಗೆ,
ಇಟ್ಟಂಗಿ ಭಟ್ಟಿಯವರು ಮಣ್ಣ ತಗದ ಬಿಟ್ಟ ತಗ್ಗು.
ಸುಣ್ಣಾ ಹಾಕಿ, ಸಗಣಿ ಕಲಸಿ, ನೀರ ನಿಲ್ಲಿಸಿದ್ವಿ.
ಆಲಮಟ್ಟಿಯಿಂದ ಮರಿ ತಂದೆ,
ಕಾಟ್ಲಾ, ರೋಹು, ಮೃಗಾಲ,
ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಾಗ
ಎರಡ ಸಾವಿರ ಕಣ್ಣರೆಪ್ಪಿಯಷ್ಟ ಜೀವ.
ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡ ಸೆರಗ ಹೊಚ್ಚಿದ್ದೆ;
ಬಾಜೂಕ ಕುಂತಾಕಿ "ಕೂಸೇನವ್ವಾ?" ಅಂದ್ಲು.
ಹೂಂ ಅಂದೆ.

ಮಾಂವ ನಕ್ಕ:
"ಎಣಿಸಿ ಬಿಡೂದು, ಎಣಿಸಿ ಹಿಡಿಯೂದು,
ಇದೇನ ಮೀನೋ, ಬಡ್ಡಿ ರೊಕ್ಕೋ?
ಹೊಳಿ ನನಗ ಎಂದೂ ಲೆಕ್ಕಾ ಕೇಳಲಿಲ್ಲ."

ಕೇಳಲಿಲ್ಲ, ಖರೆ.
ಎಷ್ಟೋ ದಿನ ಕೊಡಲೂ ಇಲ್ಲ.
ಬರೇ ಬಲಿ, ಬರೇ ರೊಟ್ಟಿ, ಮ್ಯಾಲ ಖಾರ.
ಇದನ್ನ ಬಾಯಿ ಬಿಟ್ಟ ಅನ್ನಲಿಲ್ಲ ನಾನು.
ನೂರ ಪಾನಿನ ನೋಟಬುಕ್ಕಿನ್ಯಾಗ ಬರಕೋತ ಹೋದೆ:
ಶೇಂಗಾ ಹಿಂಡಿ ಇಷ್ಟು, ತೌಡು ಇಷ್ಟು,
ನೀರಕಾಗಿ ತಿಂದದ್ದು, ಅಂದಾಜು.

ಮೂರ ದಿನ ಮಾಡ ಹರೀಲಿಲ್ಲ.
ಎಲಿ ಅಲಗೂವಷ್ಟೂ ಗಾಳಿ ಇಲ್ಲ.
ನಸಕಿನ್ಯಾಗ ಬ್ಯಾಟ್ರಿ ಬಿಟ್ಟ ನೋಡತೀನಿ,
ನೀರೆಲ್ಲಾ ಬಾಯಿ.
ದುಂಡ ದುಂಡ ಸಣ್ಣ ಬಾಯಿ,
ತೆರೀತಾವ, ಮುಚ್ಚತಾವ, ತೆರೀತಾವ,
ಸಪ್ಪಳ ಇಲ್ಲದ ಸಂತಿ.
ಕರೆಂಟ ಇಲ್ಲ. ಮೋಟಾರ ಸತ್ತಂಗ ಕುಂತಿತ್ತು.
ಗಂಡ ಟೆಂಪೋ ತಗೊಂಡ ಲೋಕಾಪುರದಾಗ.
ಚೀರಿದೆ ಅಂತ ಕಾಣತೈತಿ.

ಬೆನ್ನ ಹಿಂದ ದಡ್ ಅಂತ ನೀರ ಒಡೀತು.
ಮಾಂವ ಧೋತರ ಎತ್ತಿ ಕಟ್ಟಿ ನಡಾಮಟ ಇಳದಿದ್ದ,
ಕೈಯಾಗ ಹುಟ್ಟು.
ಹಾಕತಾನ, ಜಗ್ಗತಾನ, ಎತ್ತಿ ಬಡೀತಾನ.
ಬಡದಲ್ಲೆಲ್ಲಾ ನೊರಿ, ನೊರಿಗೆಲ್ಲಾ ಮೀನ.
"ಬಕೀಟ ತಗೋ! ಆ ಮೂಲಿಯಿಂದ! ಮ್ಯಾಲಿಂದ ಸುರುವು!"
ನಡು ಹೊಳ್ಯಾಗ ಸುಳಿಗೆ ಸಿಕ್ಕಾಗ
ಮಂದೀನ ಗದರಿಸಿ ಕುಂಡ್ರಸತಿದ್ದ ದನಿ ಅದು ಅಂತ
ಅತ್ತಿ ಹೇಳತಿದ್ಲು; ನಾ ಕೇಳಿರಲಿಲ್ಲ.

ಎಲ್ಲಿಗೂ ಹೋಗದ ನೀರಿನ್ಯಾಗ
ಹೊತ್ತ ಹೊಂಡೂತನಾ ಹುಟ್ಟ ಹಾಕಿದ.

ಮೂವತ್ತೇಳು ಸತ್ತಿದ್ವು.
ಅಂಗೈಯಷ್ಟ ಅಗಲ, ಹೊಟ್ಟಿ ಮ್ಯಾಲಾಗಿ.
ಮಾಂವನ ಎಣಿಸಿದ. ಮತ್ತ ಎಣಿಸಿದ.
ದಂಡಿ ಕಲ್ಲಿನ ಮ್ಯಾಲ ಕುಂತ ಬೀಡಿ ಕೇಳಿದ,
ನಡಗೂ ಕೈಗೆ ಕಡ್ಡಿ ಹತ್ತಲಿಲ್ಲ, ನಾನ ಗೀರಿದೆ.

ನೋಟಬುಕ್ಕ ತಗದ ಬರದೆ: ಸತ್ತದ್ದು 37.
ಅದರ ಕೆಳಗ: ಕೂಲಿ, ಯಮನಪ್ಪ ಅಂಬಿಗೇರ, ಒಂದ ರಾತ್ರಿ.
ರೊಕ್ಕದ ಖಾನೆದಾಗ ಏನ ಬರೀಬೇಕೋ ತಿಳೀಲಿಲ್ಲ.

ಅವಗ ಓದಾಕ ಬರಂಗಿಲ್ಲ.
"ನನ್ನ ಹೆಸರ ಐತೇನ ಇದರಾಗ? ಎಲ್ಲೈತಿ?" ಅಂದ.
ತೋರಿಸಿದೆ.
ಹಸೀ ಬಟ್ಟ ಅದರ ಮ್ಯಾಲ ಇಟ್ಟ,
ಶಾಯಿ ಹರೀತು.